ಬೆಕ್ಕು ಟ್ರೇ ಬಿಟ್ಟು ಹೊರಗೆ ಉಚ್ಚೆ ಹೊಯ್ಯುತ್ತಿದೆಯೇ? ಕಾರಣ ಹುಡುಕುವ ಕ್ರಮ

ನಿನ್ನೆಯವರೆಗೂ ತನ್ನ ಪಾಡಿಗೆ ಟ್ರೇಗೆ ಹೋಗಿಬರುತ್ತಿದ್ದ ಬೆಕ್ಕು ಇವತ್ತು ಹಾಸಿಗೆ ಮೇಲೆ ಹೊಯ್ದಿದೆ. ಇಲ್ಲವೇ ಒಗೆಯಲು ಹಾಕಿದ ಬಟ್ಟೆಯ ರಾಶಿಯಲ್ಲಿ, ಸೋಫಾದ ಮೂಲೆಯಲ್ಲಿ, ಬಚ್ಚಲ ಜಾಲರಿಯ ಪಕ್ಕದಲ್ಲಿ. ಮನೆಯವರ ಬಾಯಲ್ಲಿ ಮೊದಲು ಬರುವ ಮಾತು "ಸೊಕ್ಕು", ಅದರ ಬೆನ್ನಿಗೇ "ಊರಿಗೆ ಹೋಗಿದ್ದಕ್ಕೆ ಸೇಡು ತೀರಿಸ್ಕೊಳ್ತಿದೆ" ಅನ್ನುವುದು. ಎರಡೂ ತಪ್ಪು ತೀರ್ಮಾನ. ಉಚ್ಚೆ ಹೊಯ್ದು ಸೇಡು ತೀರಿಸಿಕೊಳ್ಳುವ ಲೆಕ್ಕಾಚಾರ ಬೆಕ್ಕಿನದಲ್ಲ. ಹೊಯ್ಯುವಾಗ ನೋವಾಗುತ್ತಿರಬೇಕು, ತಡೆದುಕೊಳ್ಳಲು ಆಗುತ್ತಿಲ್ಲದಿರಬೇಕು, ಟ್ರೇ ಹಿಡಿಸದಿರಬೇಕು, ಇಲ್ಲವೇ ಟ್ರೇಯವರೆಗೆ ಹೋಗಲು ಅಂಜಿಕೆ ಇರಬೇಕು.

ಹುಡುಕುವುದೂ ಇದೇ ಕ್ರಮದಲ್ಲಿ ಆಗಬೇಕು. ಹೆಚ್ಚಿನವರು ಕೊನೆಯಿಂದ ಶುರುಮಾಡುತ್ತಾರೆ: ಹೊಸ ಲಿಟರ್ (ಉಚ್ಚೆ ಹೀರಿಕೊಳ್ಳಲು ಟ್ರೇಗೆ ತುಂಬುವ ಮಣ್ಣಿನಂಥ ಪುಡಿ) ತರುತ್ತಾರೆ, ಟ್ರೇಯ ಜಾಗ ಬದಲಿಸುತ್ತಾರೆ, ವಾರವಿಡೀ ಕಾಯುತ್ತಾರೆ. ಟ್ರೇಯ ದೋಷವಾದರೆ ವಾರ ಕಾದರೂ ನಷ್ಟವಿಲ್ಲ. ಮೂತ್ರದ ದಾರಿ ಕಟ್ಟಿದ್ದರೆ ಎರಡು ದಿನ ಕಾಯುವುದರೊಳಗೆ ಬೆಕ್ಕು ಸಾಯಬಹುದು.

ಉಚ್ಚೆ ನಿಜಕ್ಕೂ ಬರುತ್ತಿದೆಯೇ?

ಬೇರೆ ಏನನ್ನೂ ಯೋಚಿಸುವ ಮೊದಲು ಇದನ್ನು ನೋಡಿ. ಬೆಕ್ಕು ಗಂಟೆಗೆ ನಾಲ್ಕಾರು ಸಲ ಟ್ರೇಗೋ ಮೂಲೆಗೋ ಹೋಗಿ ಕೂರುತ್ತಿದೆಯೇ? ಕೂತು ತಿಣುಕುತ್ತಿದ್ದರೂ ಹನಿ ಮಾತ್ರ ಬೀಳುತ್ತಿದೆಯೇ, ಅದೂ ಇಲ್ಲವೇ? ಕೂತಾಗ ನರಳುತ್ತಿದೆಯೇ, ಎದ್ದ ಮೇಲೆ ಹಿಂಭಾಗವನ್ನು ಬಿಡದೆ ನೆಕ್ಕುತ್ತಿದೆಯೇ? ಗಂಡು ಬೆಕ್ಕಿನಲ್ಲಿ ಇವು ಕಂಡರೆ ಅದು ತುರ್ತು. ರಾತ್ರಿ ಹನ್ನೊಂದಾಗಿದ್ದರೂ ಬೆಳಗಾಗಲಿ ಅನ್ನಬೇಡಿ.

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಸಣ್ಣದು. ಹರಳಿನ ಪುಡಿ, ಲೋಳೆ, ಉರಿಯೂತದ ಕಸ ಸೇರಿ ಅಲ್ಲಿ ಬಿರಡೆ ಹಾಕಿದಂತೆ ಕಟ್ಟಿಕೊಳ್ಳುತ್ತದೆ. ಮೂತ್ರ ಹೊರಗೆ ಹೋಗದಿದ್ದರೆ ಒತ್ತಡ ಮೂತ್ರಪಿಂಡದವರೆಗೂ ಏರುತ್ತದೆ, ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಅದು ಏರಿದಾಗ ಹೃದಯದ ಬಡಿತ ನಿಧಾನವಾಗಿ ಕೊನೆಗೆ ನಿಂತೇ ಹೋಗುತ್ತದೆ. ವಾಂತಿ, ಊಟ ಬಿಡುವುದು, ಮಂಕಾಗಿ ಒಂದೆಡೆ ಬಿದ್ದಿರುವುದು ಶುರುವಾದರೆ ವಿಷ ಏರಿದೆ ಎಂದೇ ತಿಳಿಯಿರಿ. ಹೆಣ್ಣು ಬೆಕ್ಕಿನ ನಾಳ ಗಿಡ್ಡ, ಅಗಲವೂ ಹೆಚ್ಚು. ಅದರಲ್ಲಿ ಪೂರ್ತಿ ಕಟ್ಟುವುದು ಅಪರೂಪ.

ಇಲ್ಲಿ ಆಗುವ ದೊಡ್ಡ ಗೊಂದಲ ಮಲಬದ್ಧತೆಯದು. ತಿಣುಕುವ ಭಂಗಿ ದೂರದಿಂದ ಎರಡಕ್ಕೂ ಒಂದೇ ತರ ಕಾಣುತ್ತದೆ. "ಕಕ್ಕ ಆಗ್ತಿಲ್ಲ ಪಾಪ" ಎಂದು ಹರಳೆಣ್ಣೆ ಕುಡಿಸಿ ಒಂದು ದಿನ ಕಳೆದುಬಿಡುತ್ತಾರೆ. ಕಳೆದ 12 ಗಂಟೆಗಳಲ್ಲಿ ಉಚ್ಚೆ ಬಿದ್ದು ಗಟ್ಟಿಯಾದ ಲಿಟರ್‌ನ ಒದ್ದೆ ಉಂಡೆ ಟ್ರೇಯಲ್ಲಿ ಬಿದ್ದಿರುವುದನ್ನು ಕಣ್ಣಾರೆ ನೋಡಿಲ್ಲವಾದರೆ ಮಲಬದ್ಧತೆ ಎಂದು ನೀವೇ ನಿರ್ಧರಿಸಬೇಡಿ.

ಮನೆಯಲ್ಲಿ ಮಾಡಬಾರದ ಕೆಲಸಗಳಿವೆ. ಹೊಟ್ಟೆ ಒತ್ತಿ ಉಚ್ಚೆ ಬರಿಸಲು ಹೋಗಬಾರದು, ತುಂಬಿ ಬಿಗಿದ ಮೂತ್ರಕೋಶ ಒಡೆದೇ ಹೋಗಬಹುದು. ಪ್ಯಾರಾಸಿಟಮಾಲ್ ಕೊಡಲೇಬಾರದು. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, 500 ಮಿಲಿಗ್ರಾಂನ ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ. ಒಳಗೆ ಜಾಗವೇ ಇಲ್ಲದಾಗ ಇನ್ನಷ್ಟು ನೀರು ತುಂಬಿಸಿದಂತಾಗುತ್ತದೆ, ಅಷ್ಟೆ. ಉರಿಮೂತ್ರಕ್ಕೆ ಮನುಷ್ಯರು ಕುಡಿಯುವ ಕ್ಷಾರೀಯ ಸಿರಪ್ಪೂ ಬೇಡ. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಟ್ರುವೈಟ್ ಹರಳು ಬೆಳೆಯುವುದೇ ಮೂತ್ರ ಕ್ಷಾರೀಯವಾದಾಗ.

ಹೊರಡುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಗಂಡು ಬೆಕ್ಕಿಗೆ ಕ್ಯಾಥೆಟರ್ ಹಾಕುವ ವ್ಯವಸ್ಥೆ ಈಗ ಇದೆಯಾ?" ಕ್ಯಾಥೆಟರ್ ಎಂದರೆ ಮೂತ್ರನಾಳದೊಳಗೆ ಇಳಿಸುವ ಸಣ್ಣ ಕೊಳವೆ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿಗಳದೇ ಹೆಚ್ಚು ಕೆಲಸ. ಬೆಕ್ಕಿಗಾಗುವಷ್ಟು ಸಣ್ಣ ಕ್ಯಾಥೆಟರ್ ಎಲ್ಲ ಕಡೆ ಇರುವುದಿಲ್ಲ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದ ಪಶುವೈದ್ಯಕೀಯ ಕಾಲೇಜುಗಳು ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಬಹುದು, ಆದರೆ ರಾತ್ರಿಯ ಹೊತ್ತು ಎಲ್ಲಿ ಯಾರಿರುತ್ತಾರೆ ಎಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಕ್ಯಾಥೆಟರ್ ಇಳಿಸಿ ಡ್ರಿಪ್ ಹಾಕುತ್ತಾರೆ, ರಕ್ತದ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ, ಒಂದರಿಂದ ಮೂರು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ. ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ ಮತ್ತೆ ಕಟ್ಟುವ ಸಂಭವ ಹೆಚ್ಚು. ಆ ದಿನಗಳಲ್ಲಿ ಪ್ರತಿ ಉಂಡೆಯನ್ನೂ ಎಣಿಸಿ.

ಬಿದ್ದ ಉಚ್ಚೆಯ ಗುರುತು

ತುರ್ತಿಲ್ಲ ಎಂದು ಖಚಿತವಾದ ಮೇಲೆ ಒರೆಸುವ ಆತುರ ಬೇಡ, ಮೊದಲು ನೋಡಿ. ಮೂರು ಸಂಗತಿ ಬೇಕು: ಎಷ್ಟು, ಎಲ್ಲಿ, ಹೇಗೆ.

ಸುಮಾರು 4 ಕಿಲೋ ತೂಗುವ ಆರೋಗ್ಯವಂತ ಬೆಕ್ಕು ದಿನಕ್ಕೆ 2ರಿಂದ 4 ಸಲ ಹೊಯ್ಯುತ್ತದೆ. ಉಂಡೆ ಕಟ್ಟುವ ಲಿಟರ್‌ನಲ್ಲಿ ಅದು ದೊಡ್ಡ ನಿಂಬೆಹಣ್ಣಿನಿಂದ ಸಣ್ಣ ಕಿತ್ತಳೆಯಷ್ಟಾಗುತ್ತದೆ. ಗೋಲಿಯಷ್ಟು ಚಿಕ್ಕ ಉಂಡೆ ಏಳೆಂಟು ಸಿಕ್ಕರೆ ಮೂತ್ರಕೋಶದಲ್ಲಿ ಉರಿ ಇದೆ. ದೊಡ್ಡ ದೊಡ್ಡ ಉಂಡೆಗಳೇ ಆರೇಳು ಬಿದ್ದರೆ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಹೊಯ್ಯುತ್ತಿದೆ, ಅದು ಬೇರೆಯದೇ ಕಾಯಿಲೆಯ ದಾರಿ. ಗೋಡೆ, ಕಿಟಕಿಯ ಪರದೆ, ಬಾಗಿಲ ಚೌಕಟ್ಟಿನ ಮೇಲೆ ನೆಲದಿಂದ ಗೇಣುದ್ದ ಎತ್ತರದಲ್ಲಿ ಬಿದ್ದು ಕೆಳಗಿಳಿದಿದ್ದರೆ ಅದು ಹೊಯ್ದದ್ದಲ್ಲ, ಗುರುತು ಹಾಕಿದ್ದು. ಗುರುತು ಹಾಕುವಾಗ ಬೆಕ್ಕು ನಿಂತೇ ಇರುತ್ತದೆ. ಬಾಲ ನೆಟ್ಟಗೆ ಎದ್ದು ತುದಿ ನಡುಗುತ್ತದೆ, ಹಿಂಗಾಲುಗಳು ತುಳಿದಂತೆ ಆಡುತ್ತವೆ. ಹೊಯ್ಯುವಾಗ ಕುಕ್ಕರಿಸಿ ಕೂರುತ್ತದೆ.

ಬಚ್ಚಲ ಜಾಲರಿಯ ಮೇಲೆ ಹೊಯ್ಯುವ ಬೆಕ್ಕನ್ನು "ಎಷ್ಟು ಜಾಣ, ಲಿಟರ್ ಖರ್ಚೇ ಇಲ್ಲ" ಎಂದು ಹೊಗಳುವವರಿದ್ದಾರೆ. ಖರ್ಚು ಉಳಿಯುವುದು ನಿಜ. ಆದರೆ ಎಷ್ಟು ಹೊಯ್ದಿತು, ರಕ್ತವಿತ್ತೇ ಎಂಬ ಲೆಕ್ಕವೂ ಮೋರಿಗೇ ಹೋಗುತ್ತದೆ. ಅಂಥ ಬೆಕ್ಕುಗಳ ಕಾಯಿಲೆ ತಡವಾಗಿ ಗೊತ್ತಾಗುತ್ತದೆ.

ಒಂದಕ್ಕಿಂತ ಹೆಚ್ಚು ಬೆಕ್ಕಿದ್ದು ಯಾವುದರ ಕೆಲಸ ಎಂದು ತಿಳಿಯದಿದ್ದರೆ ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿ ಆ ಮೂಲೆಗೆ ತಿರುಗಿಸಿಡಿ. ಊಹೆಯಿಂದ ಬೈಸಿಕೊಳ್ಳುವುದು ಸಾಮಾನ್ಯವಾಗಿ ತಪ್ಪು ಬೆಕ್ಕು.

ಚಿಕ್ಕ ಉಂಡೆ, ಪದೇ ಪದೇ: ಮೂತ್ರಕೋಶದ ಉರಿಯೂತ

ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಇಂಥ ದೂರಿಗೆ ಅರ್ಧಕ್ಕಿಂತ ಹೆಚ್ಚು ಸಲ ಸಿಗುವ ಉತ್ತರ: ಕಲ್ಲಿಲ್ಲ, ಸೋಂಕಿಲ್ಲ, ಆದರೂ ಮೂತ್ರಕೋಶದ ಒಳಪದರ ಕೆರಳಿದೆ. ವೈದ್ಯರು ಇದನ್ನು ಫಿಲೈನ್ ಇಡಿಯೋಪಥಿಕ್ ಸಿಸ್ಟೈಟಿಸ್, ಚಿಕ್ಕದಾಗಿ ಎಫ್‌ಐಸಿ ಎನ್ನುತ್ತಾರೆ. ಕಾರಣಗಳಲ್ಲಿ ಮುಖ್ಯವಾದದ್ದು ಒತ್ತಡ. ಮನೆ ಬದಲಾವಣೆ, ಹೊಸ ಬೆಕ್ಕು, ಮನೆತುಂಬ ನೆಂಟರು, ಪಕ್ಕದ ಫ್ಲ್ಯಾಟಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು, ದೀಪಾವಳಿಯ ಪಟಾಕಿ ಇವುಗಳ ಬೆನ್ನಲ್ಲೇ ಕಾಣಿಸಿಕೊಂಡರೆ ಅನುಮಾನ ಇನ್ನಷ್ಟು ಗಟ್ಟಿ.

ಆ್ಯಂಟಿಬಯೋಟಿಕ್ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಎಳೆಯ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಎಫ್‌ಐಸಿ ಏನೂ ಮಾಡದಿದ್ದರೂ ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ಐದು ದಿನ ಮಾತ್ರೆ ನುಂಗಿಸಿದರೆ ಮಾತ್ರೆಯಿಂದಲೇ ಗುಣವಾಯಿತು ಎನ್ನಿಸುವುದು ಸಹಜ. ಎರಡು ತಿಂಗಳು ಬಿಟ್ಟು ಮತ್ತೆ ಬಂದಾಗ ಅದೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುತ್ತಾರೆ. ಹಾಗೆ ಮಾಡುವ ಬದಲು ಮೂತ್ರ ಪರೀಕ್ಷೆ ಮಾಡಿಸಿ. ಮಾತ್ರೆ ಶುರುಮಾಡುವ ಮೊದಲೇ ಆಗಬೇಕಾದ ಪರೀಕ್ಷೆ ಅದು.

ಮಾದರಿ ಹಿಡಿಯಲು ಟ್ರೇಯನ್ನು ತೊಳೆದು ಒಣಗಿಸಿ ಖಾಲಿ ಇಡಿ. ಖಾಲಿ ಟ್ರೇ ಒಲ್ಲದ ಬೆಕ್ಕಿಗೆ ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮಣಿ ಒಂದೆರಡು ಹಿಡಿ ಹಾಕಬಹುದು. ಹೊಯ್ದ ಕೂಡಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಮಿಲಿಲೀಟರ್‌ನಷ್ಟು ಎಳೆದು, ಮುಚ್ಚಳವಿರುವ ಶುದ್ಧ ಡಬ್ಬಿಗೆ ಹಾಕಿ ಒಂದೆರಡು ಗಂಟೆಯೊಳಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ, ಆದರೆ ಫ್ರಿಜ್ಜಿನಲ್ಲಿಟ್ಟದ್ದು ಎಂದು ವೈದ್ಯರಿಗೆ ತಿಳಿಸಿ. ತಣ್ಣಗಾದ ಮೂತ್ರದಲ್ಲಿ ಹೊಸ ಹರಳು ಹುಟ್ಟಿಕೊಳ್ಳುತ್ತವೆ, ವರದಿಯಲ್ಲಿ ಇಲ್ಲದ ಕಾಯಿಲೆ ಬರುತ್ತದೆ. ಸೋಂಕು ಇದೆಯೇ ಎಂದು ಕಲ್ಚರ್ ಮಾಡುವುದಿದ್ದರೆ ಟ್ರೇಯ ಮೂತ್ರ ಸಾಲದು. ವೈದ್ಯರೇ ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ತೆಗೆಯುತ್ತಾರೆ. ನೋಡಲು ಭಯ, ಬೆಕ್ಕಿಗೆ ಅಷ್ಟೇನೂ ಅಲ್ಲ.

ಕಲ್ಲು ಸಿಕ್ಕರೆ ಯಾವ ಕಲ್ಲು ಎನ್ನುವುದು ಮುಖ್ಯ. ಸ್ಟ್ರುವೈಟ್ ಆದರೆ ವೈದ್ಯರು ಬರೆದುಕೊಡುವ ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೆಗೆಯಬೇಕು.

ಕಲ್ಲಾಗಲಿ ಉರಿಯೂತವಾಗಲಿ, ಮೂತ್ರ ತೆಳ್ಳಗಿರುವಂತೆ ನೋಡಿಕೊಳ್ಳುವುದು ಎರಡಕ್ಕೂ ಸಲ್ಲುವ ಉಪಾಯ. ಒಣ ಕಾಳಿನ ಆಹಾರದಲ್ಲಿ ನೀರು ನೂರಕ್ಕೆ 10ರಷ್ಟೂ ಇರುವುದಿಲ್ಲ, ಪೌಚಿನ ಹಸಿ ಆಹಾರದಲ್ಲಿ 75ರಿಂದ 80 ಭಾಗ ನೀರೇ. ಬರೀ ಕಾಳು ತಿನ್ನುವ ಬೆಕ್ಕು ಆ ಅಂತರವನ್ನು ಕುಡಿದು ತುಂಬಿಸಿಕೊಳ್ಳುವುದಿಲ್ಲ. ಬಟ್ಟಲಿನಲ್ಲಿ ನೀರಿದೆಯಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ, ಅಷ್ಟೆ. ಹಸಿ ಆಹಾರಕ್ಕೆ ಎರಡು ಮೂರು ಚಮಚ ನೀರು ಕಲಸಿ ಕೊಡಿ. ಕೋಳಿ ಬೇಯಿಸಿದ ನೀರು ಕೊಡಬಹುದು, ಆದರೆ ಅದಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬಿದ್ದಿರಬಾರದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದ ದೂರವಿರಲಿ, ಮನೆಯಲ್ಲಿ ಎರಡು ಮೂರು ಕಡೆ ಇರಲಿ.

ದೊಡ್ಡ ಉಂಡೆ, ಹೆಚ್ಚು ಬಾಯಾರಿಕೆ

ಏಳೆಂಟು ವರ್ಷ ದಾಟಿದ ಬೆಕ್ಕಾದರೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಳ ಈ ಮೂರನ್ನೂ ರಕ್ತ ಮೂತ್ರ ಪರೀಕ್ಷೆಯಲ್ಲಿ ನೋಡಿಸಬೇಕು. ಮನೆಯಲ್ಲಿ ಅಳೆಯುವುದು ಸುಲಭ. ಬೆಳಿಗ್ಗೆ 300 ಮಿಲಿಲೀಟರ್ ಅಳೆದು ಬಟ್ಟಲಿಗೆ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ಲೆಕ್ಕಕ್ಕೆ ಬೆಕ್ಕಿಗೆ ಸಿಗದ ಕಡೆ ಅಂಥದೇ ಇನ್ನೊಂದು ಬಟ್ಟಲಿಟ್ಟು ಕಳೆಯಿರಿ. 4 ಕಿಲೋದ ಬೆಕ್ಕು ದಿನಕ್ಕೆ 200 ಮಿಲಿಲೀಟರ್ ದಾಟಿ ಕುಡಿಯುತ್ತಿದ್ದರೆ ಆ ಸಂಖ್ಯೆಯನ್ನು ಬರೆದುಕೊಂಡೇ ವೈದ್ಯರ ಬಳಿ ಹೋಗಿ.

ಮುದಿ ಬೆಕ್ಕು ಟ್ರೇಯ ಪಕ್ಕದಲ್ಲೇ, ಒಂದಡಿ ದೂರದಲ್ಲಿ ಹೊಯ್ದಿದ್ದರೆ ಕೀಲುನೋವಿನ ಅನುಮಾನ ಪಡಿ. ಅದು ಟ್ರೇವರೆಗೂ ಬಂದಿದೆ, ಅಂಚು ದಾಟಲು ಆಗಿಲ್ಲ. ಒಂದು ಬದಿಯನ್ನು 7 ಸೆಂಟಿಮೀಟರ್‌ಗೆ ತಗ್ಗಿಸಿ ಕತ್ತರಿಸಿದರೆ ಎಷ್ಟೋ ಸಲ ಅದೇ ಪರಿಹಾರ.

ಟ್ರೇ

ಪರೀಕ್ಷೆಗಳೆಲ್ಲ ಸರಿ ಬಂದವು. ಈಗ ಟ್ರೇ ಕಡೆ ತಿರುಗಿ.

ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರೇಗಳು ಮರಿಗಳಿಗಾಗುವ ಅಳತೆಯವು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಟ್ರೇ ಇರಬೇಕು. ಬೆಳೆದ ಬೆಕ್ಕಿಗೆ 65ರಿಂದ 75 ಸೆಂಟಿಮೀಟರ್. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು ಒಂದು ಬದಿ 10 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯಮಾಡಿದರೆ ಅಂಗಡಿಯ ಟ್ರೇಗಿಂತ ಚೆನ್ನ. ಮುಂಗಾಲು ಒಳಗಿಟ್ಟು ಹಿಂಭಾಗ ಹೊರಗೆ ಚಾಚಿ ಹೊಯ್ಯುವ ಬೆಕ್ಕಿನ ದೋಷ ಬರೀ ಅಳತೆಯದು. ಮುಚ್ಚಳದ ಟ್ರೇ ನಮ್ಮ ಮೂಗಿಗೆ ಅನುಕೂಲ. ಒಳಗೆ ವಾಸನೆ ಕಟ್ಟಿಕೊಳ್ಳುತ್ತದೆ, ಎದುರಾಳಿ ಬೆಕ್ಕು ಬಾಗಿಲಲ್ಲಿ ಕೂತರೆ ಓಡಲು ದಾರಿಯಿಲ್ಲ. ಮುಚ್ಚಳ ತೆಗೆದು ವಾರ ನೋಡಿ.

ಲೆಕ್ಕ: ಬೆಕ್ಕು ಎಷ್ಟೋ ಅದಕ್ಕೆ ಒಂದು ಹೆಚ್ಚು. ಮೂರು ಟ್ರೇಗಳನ್ನು ಬಾಲ್ಕನಿಯಲ್ಲಿ ಸಾಲಾಗಿ ಜೋಡಿಸಿದರೆ ಬೆಕ್ಕಿನ ಪಾಲಿಗೆ ಅದು ಒಂದೇ ಟ್ರೇ. ಜಾಗ ಬೇರೆ ಬೇರೆ ಇರಲಿ, ಊಟದಿಂದ ಎರಡು ಮೀಟರ್ ದೂರವಿರಲಿ. ವಾಷಿಂಗ್ ಮಷೀನ್ ಪಕ್ಕ ಬೇಡ, ನೀರು ಹಿಂಡುವ ಹೊತ್ತಿಗೆ ಬೆಕ್ಕು ಅಲ್ಲಿ ಕೂತಿದ್ದರೆ ಮತ್ತೆ ಆ ಕಡೆ ಸುಳಿಯದು. ಬಾಲ್ಕನಿಯ ಟ್ರೇಗೆ ಮಳೆಯ ಇರಚಲು, ಮಧ್ಯಾಹ್ನದ ಬಿಸಿಲು, ಪಾರಿವಾಳಗಳ ಕಾಟ. ಇನ್ನು ಟ್ರೇಯನ್ನು ಬಾತ್‌ರೂಮಿನಲ್ಲಿಟ್ಟ ಮನೆಗಳಲ್ಲಿ ಪತ್ತೆಯಾಗುವ ಕಾರಣ ಹಲವು ಸಲ ಇಷ್ಟೇ: ಬಂದ ನೆಂಟರು ಬಾಗಿಲು ಹಾಕಿಕೊಂಡು ಬಂದಿದ್ದಾರೆ.

ಲಿಟರ್ ವಿಷಯದಲ್ಲಿ ಹೆಚ್ಚಿನ ಬೆಕ್ಕುಗಳಿಗೆ ಹಿಡಿಸುವುದು ನುಣ್ಣನೆಯ, ವಾಸನೆ ಸೇರಿಸದ, ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು. ಲ್ಯಾವೆಂಡರ್, ನಿಂಬೆ ವಾಸನೆಯದು ನಮಗಾಗಿ ಮಾಡಿದ್ದು. ಆಳ 5ರಿಂದ 7 ಸೆಂಟಿಮೀಟರ್ ಇರಲಿ. ಇದಕ್ಕಿಂತ ತೆಳುವಾದರೆ ಉಚ್ಚೆ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಉಂಡೆಯನ್ನು ಕಮೋಡಿಗೆ ಹಾಕಬೇಡಿ, ನೀರಿನಲ್ಲಿ ಉಬ್ಬಿ ಪೈಪು ಕಟ್ಟುತ್ತದೆ. ಕಟ್ಟಡದ ಮರಳು ಬಳಸುವವರು ಬಹಳ. ತಪ್ಪೇನಿಲ್ಲ, ಆದರೆ ಅದು ಉಂಡೆ ಕಟ್ಟದು. ಹೊಯ್ದದ್ದೆಲ್ಲ ತಳದಲ್ಲಿ ಉಳಿಯುತ್ತದೆ, ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮಳೆಗಾಲದಲ್ಲಿ ಮರಳೇ ಒದ್ದೆಯಾಗಿರುವುದರಿಂದ ಬೆಕ್ಕು ಒಣ ಜಾಗ ಹುಡುಕುತ್ತದೆ, ಅದು ನಿಮ್ಮ ಹಾಸಿಗೆಯೂ ಆಗಬಹುದು. ಪೈನ್ ಮರದ ಗುಳಿಗೆ ಅಗ್ಗ, ಹಗುರ. ಪಾದಕ್ಕೆ ಒರಟು ಎಂದು ಕೆಲವು ಬೆಕ್ಕುಗಳು ಒಲ್ಲವು. ಯಾವುದನ್ನೇ ಬದಲಿಸುವುದಿದ್ದರೂ ಕಾಲು ಭಾಗ ಹೊಸದು ಬೆರೆಸಿ, ಮೂರು ನಾಲ್ಕು ದಿನಕ್ಕೊಮ್ಮೆ ಪ್ರಮಾಣ ಏರಿಸಿ.

ಬೆಕ್ಕಿನ ಆಯ್ಕೆ ತಿಳಿಯದಿದ್ದರೆ ಎರಡು ಟ್ರೇ ಪಕ್ಕಪಕ್ಕ ಇಟ್ಟು ಬೇರೆ ಬೇರೆ ಲಿಟರ್ ಹಾಕಿ, ಏಳು ದಿನ ಯಾವುದರಲ್ಲಿ ಎಷ್ಟು ಉಂಡೆ ಎಂದು ಬರೆದಿಡಿ. ಮಧ್ಯದಲ್ಲೊಮ್ಮೆ ಜಾಗ ಅದಲುಬದಲು ಮಾಡಿ. ಹೊರಗೆ ಹೊಯ್ಯುವ ಜಾಗವೂ ಸುಳಿವು ಕೊಡುತ್ತದೆ: ಹಾಸಿಗೆ, ಬಟ್ಟೆ ಹುಡುಕುವ ಬೆಕ್ಕಿಗೆ ಇನ್ನೂ ಮೆತ್ತನೆಯ ಲಿಟರ್ ಬೇಕು. ಟೈಲ್ಸ್, ಸಿಂಕು ಹುಡುಕುವ ಬೆಕ್ಕಿಗೆ ಒಂದು ಟ್ರೇಯನ್ನು ಬಹುತೇಕ ಖಾಲಿ ಇಟ್ಟು ನೋಡಿ.

ಉಂಡೆಗಳನ್ನು ದಿನಕ್ಕೆರಡು ಸಲ ತೆಗೆದರೆ ಒಳ್ಳೆಯದು, ಒಂದು ಸಲವಂತೂ ಬಿಡಬಾರದು. ಮೂರು ವಾರಕ್ಕೊಮ್ಮೆ ಎಲ್ಲ ಚೆಲ್ಲಿ, ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಗೀರುಬಿದ್ದ ಹಳೆಯ ಟ್ರೇ ಎಷ್ಟು ತೊಳೆದರೂ ನಾರುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಟ್ರೇ ಕೆಲಸ ಬೇರೆಯವರದು. ಬೆಕ್ಕಿನ ಮಲದಲ್ಲಿರಬಹುದಾದ, ಹೊಟ್ಟೆಯ ಮಗುವಿಗೆ ಅಪಾಯಕಾರಿಯಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಸೋಂಕು ಹರಡುವ ಸ್ಥಿತಿಗೆ ಬರಲು ಮಲ ಕನಿಷ್ಠ ಒಂದು ದಿನ ಬಿದ್ದಿರಬೇಕು, ದಿನದಿನವೂ ತೆಗೆದರೆ ಆ ಭಯ ಬಹಳ ಕಡಿಮೆ. ಅದಕ್ಕಾಗಿ ಬೆಕ್ಕನ್ನೇ ಮನೆಯಿಂದ ಕಳಿಸುವ ಅಗತ್ಯವಿಲ್ಲ.

ಗೋಡೆಗೆ ಗುರುತು, ಬೆಕ್ಕುಗಳ ಜಗಳ

ಬೀಜ ತೆಗೆಸದ ಗಂಡಾದರೆ ಬೇರೆ ಕಾರಣ ಹುಡುಕುವ ಮುನ್ನ ಅದನ್ನು ಮಾಡಿಸಿ. ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ಗುರುತು ಹಾಕುವುದು ನಿಲ್ಲುತ್ತದೆ ಇಲ್ಲವೇ ಬಹಳ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಮರುದಿನವೇ ನಿಲ್ಲದು, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಐದಾರು ತಿಂಗಳಲ್ಲೇ ಮಾಡಿಸಿದರೆ ಚಟವೇ ಹತ್ತುವುದಿಲ್ಲ.

ಮಾಡಿಸಿದ ಮೇಲೂ ಕಿಟಕಿ, ಮುಂಬಾಗಿಲ ಸುತ್ತ ಮಾತ್ರ ಗುರುತು ಬೀಳುತ್ತಿದ್ದರೆ ಹೊರಗೆ ಬೀದಿಯ ಗಡವ ಬೆಕ್ಕು ಓಡಾಡುತ್ತಿದೆ ಎಂದರ್ಥ. ಗಾಜಿನ ಕೆಳಗಿನ ಎರಡಡಿಗೆ ಕಾಗದ ಅಂಟಿಸಿ, ಹೊರಗೆ ಊಟ ಇಡುತ್ತಿದ್ದರೆ ಆ ಜಾಗವನ್ನು ಮನೆಯಿಂದ ದೂರ ಒಯ್ಯಿರಿ. ಒಳಗಿನ ಬೆಕ್ಕುಗಳ ಜಗಳ ಕಾಣಲು ಕಷ್ಟ, ಏಕೆಂದರೆ ಹೆಚ್ಚಿನದು ಕಚ್ಚಾಟವಲ್ಲ. ಒಂದು ಬೆಕ್ಕು ನಡುಮನೆಯ ದಾರಿಯಲ್ಲಿ ಸುಮ್ಮನೆ ಮಲಗಿ ದಿಟ್ಟಿಸುತ್ತದೆ, ಇನ್ನೊಂದು ಟ್ರೇಗೆ ಹೋಗದೆ ಹಿಂದಿರುಗುತ್ತದೆ. ಊಟ, ನೀರು, ಟ್ರೇ, ಎತ್ತರದ ಮಲಗುವ ಜಾಗ ಎಲ್ಲವೂ ಎರಡೆರಡು ಕಡೆ ಇದ್ದರೆ ಈ ಕಾವಲು ಸಡಿಲವಾಗುತ್ತದೆ. ಪ್ಲಗ್ಗಿಗೆ ಹಾಕುವ ಫೆರೊಮೋನ್ (ಬೆಕ್ಕನ್ನು ಶಾಂತವಾಗಿಡುವ ವಾಸನೆಯ ಸಂಕೇತ) ಯಂತ್ರ ಜೊತೆಗಿದ್ದರೆ ಕೆಲವು ಮನೆಗಳಲ್ಲಿ ನೆರವಾಗುತ್ತದೆ. ಟ್ರೇ ಸರಿಪಡಿಸದೆ ಅದೊಂದನ್ನೇ ನೆಚ್ಚಿದರೆ ದುಡ್ಡು ದಂಡ.

ಒರೆಸುವುದು

ಮೂತ್ರದಲ್ಲಿನ ಯೂರಿಕ್ ಆಮ್ಲ ಬರೀ ನೀರಿಗೂ ಸೋಪಿಗೂ ಸರಿಯಾಗಿ ಹೋಗದು. ನಮ್ಮ ಮೂಗಿಗೆ ವಾಸನೆ ಹೋದರೂ ಬೆಕ್ಕಿನ ಮೂಗಿಗೆ ಅದು ಟ್ರೇಯೇ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಕಿಣ್ವ ಇರುವ ಕ್ಲೀನರ್ ಉಚ್ಚೆ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ಸುರಿದು, ಪ್ಯಾಕಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಗಾಳಿಗೆ ಒಣಗಿಸಿ. ಹಾಸಿಗೆಗೆ ಮೇಲಿಂದ ಚಿಮುಕಿಸಿದರೆ ಸಾಲದು. ಅದು ಸಿಗದಿದ್ದರೆ ಕಿಣ್ವ ಸೇರಿದ ಬಟ್ಟೆ ಸೋಪಿನ ಪುಡಿ 100 ಗ್ರಾಂ ಒಂದು ಲೀಟರ್ ನೀರಿಗೆ ಕದಡಿ ಹಚ್ಚಿ, ಆಮೇಲೆ ತಣ್ಣೀರಿನಲ್ಲಿ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮರೆಯ ಜಾಗದಲ್ಲಿ ಮೊದಲು ನೋಡಿಕೊಳ್ಳಿ. ಹಳೆಯ ಕಲೆ ಹುಡುಕಲು ಕತ್ತಲೆಯಲ್ಲಿ ಯುವಿ ಟಾರ್ಚ್ ಬಿಟ್ಟರೆ ಹಳದಿಯಾಗಿ ಹೊಳೆಯುತ್ತದೆ. ಸೋಪಿನ ಕಲೆಯೂ ಹೊಳೆಯುವುದರಿಂದ ಮೂಸಿ ಖಚಿತಪಡಿಸಿಕೊಳ್ಳಿ.

ಫಿನಾಯಿಲ್ ಬೇಡ, ಡೆಟ್ಟಾಲ್ ಬೇಡ. ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ದೇಹ ಹೊರಹಾಕಲಾರದು, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷ. ಬ್ಲೀಚ್ ಉಚ್ಚೆಯ ಅಮೋನಿಯಾ ಜೊತೆ ಸೇರಿ ಉಸಿರು ಕಟ್ಟಿಸುವ ಅನಿಲ ಬಿಡುತ್ತದೆ. ಮೂಲೆಯಲ್ಲಿ ನುಸಿಗುಳಿಗೆ ಇಡುವುದು, ಖಾರದ ಪುಡಿ ಉದುರಿಸುವುದು ಎರಡೂ ಅಪಾಯ, ಎರಡೂ ನಿಷ್ಪ್ರಯೋಜಕ. ಮೂಗನ್ನು ಉಚ್ಚೆಗೆ ಒತ್ತಿ ಹೊಡೆಯುವುದರಿಂದ ಬೆಕ್ಕು ಕಲಿಯುವುದು ಒಂದೇ: ಮಂಚದ ಕೆಳಗೆ, ನಿಮಗೆ ಕಾಣದ ಕಡೆ ಹೊಯ್ಯುವುದು.

ಮತ್ತೆ ರೂಢಿಗೆ ತರುವುದು

ಕಾರಣ ಸರಿಪಡಿಸಿದರೂ ಚಟ ಉಳಿದಿದ್ದರೆ ಒಂದು ಕೋಣೆಯಲ್ಲಿ ಟ್ರೇ, ಊಟ, ನೀರು, ಮಲಗಲು ಡಬ್ಬ ಇಟ್ಟು ಬೆಕ್ಕನ್ನು ಅಲ್ಲಿರಿಸಿ, ದಿನಕ್ಕೆ ಹಲವು ಸಲ ಹೋಗಿ ಜೊತೆಗೆ ಆಡಿ. ಒಂದು ವಾರ ತಪ್ಪದೆ ಟ್ರೇ ಬಳಸಿದ ಮೇಲೆ ಇನ್ನೊಂದು ಕೋಣೆಯ ಬಾಗಿಲು ತೆರೆಯಿರಿ. ಹಾಸಿಗೆಗೆ ಅಷ್ಟು ದಿನ ನೀರು ಇಳಿಯದ ಹೊದಿಕೆ ಇರಲಿ. ಒಂದೇ ಜಾಗಕ್ಕೆ ಹಟ ಹಿಡಿದಿದ್ದರೆ ಟ್ರೇಯನ್ನೇ ಅಲ್ಲಿಡಿ, ಅದು ಟಿವಿಯ ಮುಂದೆಯೇ ಆದರೂ ಸರಿ. ಎರಡು ವಾರ ಅಲ್ಲಿ ಸರಿಯಾಗಿ ಬಳಸಿದ ಮೇಲೆ ನಿಮಗೆ ಬೇಕಾದ ಮೂಲೆಯ ಕಡೆಗೆ ದಿನಕ್ಕೆ ಗೇಣಿನಂತೆ ಸರಿಸುತ್ತಾ ಬನ್ನಿ. ಯಾವ ದಿನ ಹಳೆಯ ಜಾಗದಲ್ಲಿ ಹೊಯ್ದಿತೋ ಅಂದು ಟ್ರೇಯನ್ನು ಎರಡು ದಿನ ಹಿಂದಿದ್ದ ಕಡೆಗೆ ತನ್ನಿ, ಅಲ್ಲಿಂದ ಮತ್ತೆ ನಿಧಾನವಾಗಿ ಸರಿಸಿ.